ಮೂಲೆಯ ಟಿವಿಯಲ್ಲಿ ಓಡಿದ ನಾಲ್ಕೂವರೆ ಸೆಕೆಂಡ್

ಕಿರುಚಿತ್ರ ಎಡಿಟ್ ಮಾಡುವ ರೂಮಿನಲ್ಲಿ ಈ ಮಾತು ಕೇಳದವರು ಕಮ್ಮಿ: ‘ಬೇರೆಯವರ ತುಣುಕು ಹತ್ತು ಸೆಕೆಂಡ್ ಒಳಗಿದ್ರೆ ಏನೂ ಆಗಲ್ಲ ಗುರೂ, ಹಾಕು.’ ಈ ಲೆಕ್ಕ ಎಲ್ಲಿಂದ ಬಂತೋ, ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಂತೂ ಇಲ್ಲ. ಅಮೆರಿಕದ ಕಾನೂನಿನಲ್ಲೂ ಇಲ್ಲ.

ಬೇರೆಯವರ ಫೂಟೇಜ್ ಕತ್ತರಿಸಿ ಅಂಟಿಸುವ ಅಭ್ಯಾಸ ಮಾತ್ರ ಹಳೆಯದು. ನ್ಯೂಯಾರ್ಕಿನ ಕಲಾವಿದ ಜೋಸೆಫ್ ಕಾರ್ನೆಲ್ ‘ಈಸ್ಟ್ ಆಫ್ ಬೋರ್ನಿಯೋ’ ಎಂಬ ಹಾಲಿವುಡ್ ಸಿನಿಮಾದ ಪ್ರಿಂಟಿಗೆ ಕತ್ತರಿ ಹಾಕಿದ. ಹೆಚ್ಚಾಗಿ ನಾಯಕಿ ರೋಸ್ ಹೋಬಾರ್ಟ್ ಇರುವ ದೃಶ್ಯಗಳನ್ನೇ ಉಳಿಸಿಕೊಂಡು, ಇಪ್ಪತ್ತು ನಿಮಿಷದೊಳಗಿನ ಚಿತ್ರ ಮಾಡಿ, ಅವಳ ಹೆಸರನ್ನೇ ಇಟ್ಟ. 1936ರಲ್ಲಿ ಗ್ಯಾಲರಿಯೊಂದರಲ್ಲಿ ಅದನ್ನು ನೀಲಿ ಗಾಜಿನ ಮೂಲಕ ತೋರಿಸಿದ. ಅಂದು ಕೂಗಾಡಿದ್ದು ಸ್ಟುಡಿಯೋದವರಲ್ಲ, ಪ್ರೇಕ್ಷಕರ ನಡುವೆ ಕೂತಿದ್ದ ಚಿತ್ರಕಾರ ಸಾಲ್ವಡಾರ್ ಡಾಲಿ. ಇದು ನನ್ನ ಐಡಿಯಾ ಅಂತ ಅವನ ಸಿಟ್ಟು!

ಚಿಕ್ಕ ಚಿತ್ರಗಳೂ ಟಿವಿಗೆ ಬಂದ ಮೇಲೆ ಕಥೆ ಬೇರೆಯಾಯಿತು. 1990ರಲ್ಲಿ ಜಾನ್ ಎಲ್ಸ್ ಸ್ಯಾನ್ ಫ್ರಾನ್ಸಿಸ್ಕೋ ಒಪೆರಾದ ಸೆಟ್ ಕೆಲಸಗಾರರ ಬಗ್ಗೆ ಸಾಕ್ಷ್ಯಚಿತ್ರ ತೆಗೆಯುತ್ತಿದ್ದರು. ವೇದಿಕೆ ಮೇಲೆ ಸಂಗೀತಗಾರ ವಾಗ್ನರ್ ರಚಿಸಿದ ಒಪೆರಾದ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದ ಅಬ್ಬರ. ಹಿಂದುಗಡೆ ಕೆಲಸಗಾರರು ಆರಾಮಾಗಿ ಚೆಕರ್ಸ್ ಆಡುತ್ತಿದ್ದಾರೆ. ಮೂಲೆಯ ಟಿವಿಯಲ್ಲಿ ‘ದಿ ಸಿಂಪ್ಸನ್ಸ್’ ಕಾರ್ಟೂನ್, ನಾಲ್ಕೂವರೆ ಸೆಕೆಂಡ್. ಅದನ್ನು ಸೃಷ್ಟಿಸಿದ ಮ್ಯಾಟ್ ಗ್ರೇನಿಂಗ್ ‘ಬಳಸಿಕೊಳ್ಳಿ’ ಅಂದರು. ಹಕ್ಕು ಇಟ್ಟುಕೊಂಡಿದ್ದ ಫಾಕ್ಸ್ ಕಂಪನಿ 10,000 ಡಾಲರ್ ಕೇಳಿತು. ಎಲ್ಸ್ ಕೊನೆಗೆ ಅದೇ ಟಿವಿ ಪರದೆಯೊಳಗೆ ತಮ್ಮದೇ ಹಳೇ ಚಿತ್ರದ ತುಣುಕು ಕೂರಿಸಿದರು. ಸಾಕ್ಷ್ಯಚಿತ್ರದೊಳಗೇ ಒಂದು ಸುಳ್ಳು ಸೇರಿಕೊಂಡಿತು, ಅಲ್ವಾ?

ಕೋರ್ಟಿಗೆ ಹೋಗಿದ್ದರೆ ಎಲ್ಸ್ ಗೆಲ್ಲುತ್ತಿದ್ದರೇನೋ. ಆದರೆ ಈ ಜಗಳ ಕೋರ್ಟಿನವರೆಗೆ ಹೋಗುವುದೇ ಅಪರೂಪ. ನಾಳೆ ಕೇಸು ಬಿದ್ದರೆ ಅಂತ ಚಾನೆಲ್ಲಿಗೆ ವಿಮೆ ಬೇಕು, ವಿಮೆಯವರಿಗೆ ಪ್ರತಿ ತುಣುಕಿಗೂ ಒಪ್ಪಿಗೆ ಪತ್ರ ಬೇಕು. ಬಾಗಿಲು ಮುಚ್ಚುವುದು ಅಲ್ಲೇ. 2005ರಲ್ಲಿ ಅಮೆರಿಕದ ಸಾಕ್ಷ್ಯಚಿತ್ರ ಸಂಘಗಳು ಒಟ್ಟಿಗೆ ಕೂತು, ‘ಫೇರ್ ಯೂಸ್’, ಅಂದರೆ ಒಪ್ಪಿಗೆ ಇಲ್ಲದೆಯೂ ಕಾನೂನು ಬಿಡುವ ಬಳಕೆ, ಎಲ್ಲಿ ಸರಿ, ಎಲ್ಲಿ ತಪ್ಪು ಅಂತ ತಾವೇ ಬರೆದಿಟ್ಟವು. 2007ರ ಹೊತ್ತಿಗೆ ವಿಮಾ ಕಂಪನಿಗಳೂ ಅದಕ್ಕೆ ತಲೆಯಾಡಿಸತೊಡಗಿದವು. ಅದೇ ವರ್ಷ ಯುಟ್ಯೂಬ್ ‘ಕಂಟೆಂಟ್ ಐಡಿ’ ಎಂಬ ತಾನೇ ತಪಾಸಣೆ ಮಾಡುವ ವ್ಯವಸ್ಥೆ ತಂದಿತು. ತುಣುಕು ಹೋಲುತ್ತದಾ ಅಂತ ನೋಡುವುದಷ್ಟೇ ಅದರ ಕೆಲಸ. ಯಾಕೆ ಬಳಸಿದ್ದು ಅಂತ ಅದು ಕೇಳುವುದಿಲ್ಲ.

ನಮ್ಮಲ್ಲಿರುವುದು ಸೆಕ್ಷನ್ 52ರ ‘ಫೇರ್ ಡೀಲಿಂಗ್’. ಸ್ವಂತ ಬಳಕೆ ಮತ್ತು ಸಂಶೋಧನೆ, ವಿಮರ್ಶೆ, ಪ್ರಚಲಿತ ಘಟನೆಗಳ ವರದಿ, ಇಷ್ಟಕ್ಕೆ ಅದು ಸೀಮಿತ. ಕಥೆ ಹೇಳುವ ಕಿರುಚಿತ್ರ ಇದರಲ್ಲಿ ಸಲೀಸಾಗಿ ಕೂರುವುದಿಲ್ಲ. 2012ರಲ್ಲಿ ದೆಹಲಿ ಹೈಕೋರ್ಟ್ ಸ್ವಲ್ಪ ಜಾಗ ಬಿಟ್ಟುಕೊಟ್ಟಿತು: ಟಿವಿ ಮಾತುಕತೆಯಲ್ಲಿ ಗಾಯಕಿ ತಾನು ಹಾಡಿದ್ದ ಸಿನಿಮಾ ಹಾಡುಗಳ ಕೆಲವು ಸಾಲು ಗುನುಗಿದರೆ, ಅಷ್ಟು ಸಣ್ಣ ವಿಷಯಕ್ಕೆ ಕಾನೂನು ತಲೆಹಾಕಬೇಕಿಲ್ಲ ಎಂದಿತು. ಆದರೆ ಎಷ್ಟು ಸಣ್ಣದು ಸಣ್ಣದು? 2024ರ ನವೆಂಬರಿನಲ್ಲಿ ನಟಿ ನಯನತಾರಾ ಬಹಿರಂಗ ಪತ್ರ ಬರೆದರು. ತಮ್ಮ ಕುರಿತ ಸಾಕ್ಷ್ಯಚಿತ್ರಕ್ಕೆ ಬಳಸಿದ, ಹಳೇ ಸಿನಿಮಾವೊಂದರ ಶೂಟಿಂಗ್ ವೇಳೆ ತೆಗೆದ 3 ಸೆಕೆಂಡಿನ ದೃಶ್ಯಕ್ಕೆ ಆ ಸಿನಿಮಾದ ನಿರ್ಮಾಪಕ ಧನುಷ್ 10 ಕೋಟಿ ರೂಪಾಯಿ ಕೇಳಿ ನೋಟಿಸ್ ಕಳಿಸಿದ್ದಾರೆ ಎಂದು.

ಕೈಯಲ್ಲಿ ಕಾಸಿಲ್ಲದವರಿಗೆ ಉಳಿದ ದಾರಿ ಹಳೇ ಸಿನಿಮಾ. ಭಾರತದಲ್ಲಿ ಸಿನಿಮಾದ ಹಕ್ಕು 60 ವರ್ಷ. 1954ರ ‘ಬೇಡರ ಕಣ್ಣಪ್ಪ’ದ ಅವಧಿ 2014ರ ಕೊನೆಗೇ ಮುಗಿದಿದೆ. ನಿಮ್ಮ ಚಿತ್ರದ ಅಜ್ಜಿ ಅದನ್ನು ಟಿವಿಯಲ್ಲಿ ನೋಡುತ್ತಾ ಕೂರಬಹುದು. ಆದರೆ ಹಾಡಿನ ಸಾಹಿತ್ಯ, ಸಂಗೀತದ ಹಕ್ಕು ಅದನ್ನು ಮಾಡಿದವರು ತೀರಿಕೊಂಡು 60 ವರ್ಷದವರೆಗೆ ಬೇರೆಯಾಗೇ ನಡೆಯುತ್ತಿರುತ್ತದೆ. ಹಾಗಾಗಿ ಹಾಡು ಶುರುವಾಗುವ ಹೊತ್ತಿಗೆ ಅಜ್ಜಿಯ ಕೈಗೆ ಒಂದು ರಿಮೋಟ್ ಕೊಟ್ಟಿರಿ.