ಕೈತೋಟಕ್ಕೆ ಮಳೆನೀರು ಹಿಡಿಯೋಕೆ ಎಷ್ಟು ದೊಡ್ಡ ಟ್ಯಾಂಕ್ ಬೇಕು?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ 30–40 ಸೈಟಿನ (30 ಅಡಿಗೆ 40 ಅಡಿ) ಮನೆ. ತಾರಸಿ ಮೇಲೆ ಸುಮಾರು 30 ಕುಂಡಗಳಿವೆ. ಮಳೆನೀರು ಹಿಡಿದು ಗಿಡಗಳಿಗೆ ಹಾಕೋಣ ಅಂತ ಆಸೆ. ಒಬ್ಬರು 200 ಲೀಟರಿನ ಡ್ರಮ್ ಸಾಕು ಅಂತಾರೆ. ಇನ್ನೊಬ್ಬರು 5,000 ಲೀಟರಿನ ಟ್ಯಾಂಕ್ ಇಲ್ಲದಿದ್ದರೆ ಸುಮ್ನೆ ದುಡ್ಡು ದಂಡ ಅಂತಾರೆ. ಯಾರ ಮಾತು ಕೇಳೋದು?

ಉತ್ತರ: ಮೊದಲು ಡ್ರಮ್ ತನ್ನಿ. ಟ್ಯಾಂಕಿನ ವಿಚಾರ ಆಮೇಲೆ ನೋಡೋಣ. ಯಾಕೆ ಅಂತ ಹೇಳುತ್ತೇನೆ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಈ ಲೆಕ್ಕ ನೆನಪಿದ್ದರೆ ಮಿಕ್ಕಿದ್ದೆಲ್ಲ ಸುಲಭ. ನಿಮ್ಮ ತಾರಸಿ ಒಂದು ಸಾವಿರ ಚದರ ಅಡಿ ಇದೆ ಅಂದುಕೊಳ್ಳೋಣ. ಅಂದರೆ ಸುಮಾರು 93 ಚದರ ಮೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಮಳೆಯಾಗುತ್ತದೆ. ಆವಿಯಾಗಿ, ಸಿಡಿದು, ಸೋರಿ ಹೋಗುವುದನ್ನು ಕಳೆದರೂ 70 ಸಾವಿರ ಲೀಟರ್ ಕೈಗೆ ಸಿಗುತ್ತದೆ. ಮೂವತ್ತು ಕುಂಡಗಳಿಗೆ ಬೇಸಿಗೆಯಲ್ಲಿ ಕುಂಡಕ್ಕೊಂದು ಲೀಟರಿನಂತೆ ದಿನಕ್ಕೆ 30 ಲೀಟರ್ ಹಿಡಿಯಿರಿ. ವರ್ಷವಿಡೀ ಹಾಗೇ ಹಾಕಿದರೂ 11 ಸಾವಿರ ಲೀಟರ್ ದಾಟುವುದಿಲ್ಲ.

ಅಂದರೆ ನಿಮಗೆ ನೀರಿನ ಕೊರತೆಯೇ ಇಲ್ಲ. ಇರುವುದು ಹೊತ್ತಿನ ತಕರಾರು. ಮಳೆ ಸುರಿಯುವಾಗ ಗಿಡಕ್ಕೆ ನೀರು ಬೇಡ, ಬೇಕಾದಾಗ ಮಳೆ ಇಲ್ಲ. ಹಾಗಾಗಿ ಮಳೆ ಎಷ್ಟು ಬರುತ್ತದೆ ಎನ್ನುವುದಕ್ಕಿಂತ ಒಂದು ಮಳೆಗೂ ಮುಂದಿನ ಮಳೆಗೂ ನಡುವೆ ಎಷ್ಟು ದಿನ ಎನ್ನುವುದನ್ನು ನೋಡಿ ಪಾತ್ರೆ ಆರಿಸಬೇಕು.

ಈ ವಿಷಯದಲ್ಲಿ ಬೆಂಗಳೂರಿನವರು ಅದೃಷ್ಟವಂತರು. ಏಪ್ರಿಲ್ ಕೊನೆಯ ಭರಣಿ ಮಳೆಯಿಂದ ಹಿಡಿದು ಅಕ್ಟೋಬರಿನ ಚಿತ್ತೆ, ಸ್ವಾತಿಯವರೆಗೂ ಇಲ್ಲಿ ಆಗಾಗ ಮಳೆ ಬರುತ್ತಲೇ ಇರುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಂತೂ ಜಾಸ್ತಿ. ನಡುವೆ ಒಂದು ವಾರ, ಹತ್ತು ದಿನ ಬಿಡುವು ಕೊಟ್ಟರೂ ಎರಡು ಡ್ರಮ್ಮಿನ 400 ಲೀಟರ್ ಧಾರಾಳವಾಗಿ ಸಾಕು. ಸಣ್ಣ ಡ್ರಮ್ಮಾದರೂ ಈ ಆರೇಳು ತಿಂಗಳಲ್ಲಿ ಮತ್ತೆ ಮತ್ತೆ ತುಂಬಿ ಖಾಲಿಯಾಗುತ್ತದೆ. 5,000 ಲೀಟರಿನ ಟ್ಯಾಂಕಿಗೆ ನಿಜವಾದ ಕೆಲಸ ಬೀಳುವುದು ವರ್ಷಕ್ಕೊಮ್ಮೆ. ನವೆಂಬರಿನಲ್ಲಿ ತುಂಬಿಟ್ಟಿದ್ದು ಏಪ್ರಿಲಿಗೆ ಖಾಲಿ. ಲೆಕ್ಕ ತಪ್ಪೇನಲ್ಲ. ನಾಲ್ಕೂವರೆ ತಿಂಗಳಿಗೆ 30 ಲೀಟರಿನಂತೆ ಸುಮಾರು 4,000 ಲೀಟರ್ ಬೇಕೇ ಬೇಕು. ಆದರೆ ಅಷ್ಟು ದೊಡ್ಡ ಟ್ಯಾಂಕ್ ಇಡೋಕೆ 30–40 ಸೈಟಿನಲ್ಲಿ ಜಾಗ ಎಲ್ಲಿದೆ? ಸ್ಕೂಟರ್ ನಿಲ್ಲಿಸೋಕೇ ಒದ್ದಾಟ, ಅಲ್ವಾ?

ನಿಮ್ಮ ಗಿಡಗಳಿರುವುದು ತಾರಸಿಯಲ್ಲಿ. ತಾರಸಿ ನೀರನ್ನು ಕೆಳಗೆ ಹಿಡಿದರೆ ಮತ್ತೆ ಬಕೆಟ್ ಹೊತ್ತು ಮೆಟ್ಟಿಲು ಹತ್ತಬೇಕು. ಮೊದಲ ವಾರದ ಉತ್ಸಾಹ ಎರಡನೇ ವಾರ ಇರುವುದಿಲ್ಲ. ಅದಕ್ಕೇ ನಾನು ಹೇಳುವುದು ಹೆಡ್‌ರೂಮ್ ನೋಡಿ ಅಂತ. ಮೆಟ್ಟಿಲು ತಾರಸಿಗೆ ಬಂದು ಸೇರುವಲ್ಲಿ ಇರುತ್ತದಲ್ಲ, ಆ ಪುಟ್ಟ ಕೋಣೆ. ಅದರ ಮಾಡು (ಮೇಲ್ಛಾವಣಿ) ಒಂದು ನೂರು ಚದರ ಅಡಿ ಇದ್ದರೂ ಸಾಕು. 28–30 ಮಿಲಿಮೀಟರಿನ ಒಂದು ಒಳ್ಳೆ ಮಳೆಗೆ 200 ಲೀಟರಿನ ಡ್ರಮ್ ತುಂಬುತ್ತದೆ. ಮಾಡಿನ ಮೇಲೆ ಯಾರೂ ಓಡಾಡುವುದಿಲ್ಲ, ಬಟ್ಟೆ ಒಗೆಯುವುದಿಲ್ಲ, ಕುಂಡದ ಮಣ್ಣು ಬಿದ್ದಿರುವುದಿಲ್ಲ. ನೀರೂ ಚೊಕ್ಕಟ. ಅಲ್ಲೇ ಓವರ್‌ಹೆಡ್ ಟ್ಯಾಂಕ್ ಕೂತಿದ್ದರೂ ಪರವಾಗಿಲ್ಲ. ಅದರ ಮುಚ್ಚಳದ ಮೇಲೆ ಬಿದ್ದ ಮಳೆಯೂ ಮಾಡಿಗೇ ಇಳಿಯುತ್ತದೆ.

ಇನ್ನು ಜೋಡಿಸುವ ಬಗೆ. ಮಾಡಿನಿಂದ ಇಳಿಯುವ ನಾಲ್ಕಿಂಚಿನ ಪೈಪಿಗೆ ಡ್ರಮ್ಮಿನ ಎತ್ತರಕ್ಕಿಂತ ಸ್ವಲ್ಪ ಮೇಲೆ ಒಂದು ಟೀ, ಅಂದರೆ ಮೂರು ಬಾಯಿಯ ಪೈಪ್ ಜೋಡಣೆ, ಹಾಕಿಸಿ. ಟೀಯ ಒಂದು ಬಾಯಿ ಡ್ರಮ್ಮಿಗೆ. ಇನ್ನೊಂದು ಬಾಯಿಯಿಂದ ಪೈಪು ನೇರ ಕೆಳಗೆ ಒಂದು ಮೀಟರ್ ಇಳಿಯಲಿ, ಅದರ ತುದಿಗೆ ತಿರುಪಿನ ಮುಚ್ಚಳ ಇರಲಿ. ಮಳೆ ಶುರುವಾದಾಗ ಧೂಳು, ಹಕ್ಕಿ ಹಿಕ್ಕೆ, ಒಣಗಿದ ಎಲೆ ಹೊತ್ತು ಬರುವ ಮೊದಲ ನೀರು ಈ ಒಂದು ಮೀಟರ್ ಪೈಪಿನೊಳಗೆ ಇಳಿದು ಕೂರುತ್ತದೆ. ಅದು ತುಂಬಿದ ಮೇಲೆ ಬರುವ ನೀರು ಟೀಯಿಂದ ಡ್ರಮ್ಮಿಗೆ ತಿರುಗುತ್ತದೆ. ನಾಲ್ಕಿಂಚಿನ ಪೈಪಿನಲ್ಲಿ ಒಂದು ಮೀಟರಿಗೆ 8 ಲೀಟರ್ ಹಿಡಿಯುತ್ತದೆ. ಅಷ್ಟು ಪುಟ್ಟ ಮಾಡಿಗೆ ಅದು ಹೆಚ್ಚುಕಡಿಮೆ ಮೊದಲ ಒಂದು ಮಿಲಿಮೀಟರ್ ಮಳೆಗೆ ಸಮ. ಮಳೆ ನಿಂತ ಮೇಲೆ ಮುಚ್ಚಳ ತಿರುಗಿಸಿ ಆ ಕೊಳೆ ನೀರು ಬಿಟ್ಟುಬಿಡಿ. ಇದೊಂದನ್ನು ಜನ ಮರೆಯುತ್ತಾರೆ. ಮರೆತರೆ ಮುಂದಿನ ಮಳೆಯ ಕೊಳೆಯೆಲ್ಲ ನೇರ ಡ್ರಮ್ಮಿಗೇ.

ಡ್ರಮ್ ನೀಲಿಯೋ ಕಪ್ಪೋ, ಬೆಳಕು ಒಳಗೆ ಹೋಗದಂಥದ್ದಾಗಿರಲಿ. ಬೆಳಕು ಬಿದ್ದರೆ ಪಾಚಿ ಖಂಡಿತ. ಹಳೇ ಡ್ರಮ್ ಕೊಳ್ಳುವುದಾದರೆ ಮೊದಲು ಅದರಲ್ಲಿ ಏನಿತ್ತು ಅಂತ ಕೇಳಿ. ಕೆಮಿಕಲ್ ಇದ್ದದ್ದಾದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ನಲ್ಲಿಯನ್ನು ತಳದಿಂದ ಮೂರಿಂಚು ಮೇಲೆ ಕೂರಿಸಿ, ಕೆಸರು ಕೆಳಗೇ ಉಳಿಯುತ್ತದೆ. ಡ್ರಮ್ಮನ್ನು ಸಿಮೆಂಟ್ ಬ್ಲಾಕಿನ ಮೇಲೆ ಎತ್ತರಿಸಿಟ್ಟರೆ ನಲ್ಲಿಯ ಕೆಳಗೆ ಬಕೆಟ್ ಹಿಡಿಯುತ್ತದೆ. ಒಂದು ಎಚ್ಚರಿಕೆ: ತುಂಬಿದ ಡ್ರಮ್ 200 ಕೆಜಿಗಿಂತ ಜಾಸ್ತಿ ತೂಗುತ್ತದೆ. ತಾರಸಿಯ ನಟ್ಟನಡುವೆ ಇಡಬೇಡಿ, ಕೆಳಗೆ ಗೋಡೆ ಅಥವಾ ಬೀಮ್ ಇರುವ ಕಡೆ ಇಡಿ. ಕಟ್ಟಡ ಹಳೆಯದಾದರೆ ಎಂಜಿನಿಯರಿಗೆ ಒಂದು ಸಲ ತೋರಿಸಿ.

ಉಕ್ಕಿ ಹೋಗುವ ನೀರಿನ ಪೈಪು ಒಳಗೆ ಬರುವ ಪೈಪಿನಷ್ಟೇ ದಪ್ಪ ಇರಬೇಕು. ಕೆಳಗೆ ಇನ್ನೊಂದು ಡ್ರಮ್ ಇಟ್ಟು ತಾರಸಿಯ ಪೈಪಿಗೆ ಜೋಡಿಸುವವರಿಗಂತೂ ಇದು ಮುಖ್ಯ. ಅರ್ಧ ಗಂಟೆಯಲ್ಲಿ 20 ಮಿಲಿಮೀಟರ್ ಸುರಿಯುವುದು ನಮ್ಮೂರಿಗೆ ಹೊಸದಲ್ಲ. ಅರ್ಧ ತಾರಸಿಯ ನೀರು ಒಂದೇ ಪೈಪಿಗೆ ಬಂದರೂ ಏಳೆಂಟು ನಿಮಿಷಕ್ಕೆ ಡ್ರಮ್ ಭರ್ತಿ. ಆಮೇಲೆ ಬಂದಿದ್ದು ಅರ್ಧ ಇಂಚಿನ ಪೈಪಿನಲ್ಲಿ ಹೋಗಲಾರದೆ ಗೋಡೆ ಬುಡಕ್ಕೆ ಇಳಿಯುತ್ತದೆ. ಉಕ್ಕಿದ ನೀರನ್ನು ರಸ್ತೆಗೆ ಬಿಡುವ ಬದಲು ಇಂಗುಬಾವಿಗೆ ಕಳಿಸಿ. ಮೂರಡಿ ಅಗಲ, 20 ಅಡಿ ಆಳ ತೋಡಿ ಸಿಮೆಂಟ್ ರಿಂಗ್ ಇಳಿಸುವುದು ಬೆಂಗಳೂರಿನಲ್ಲಿ ರೂಢಿ. ಈ ಕೆಲಸಕ್ಕೆ ಮಣ್ಣು ವಡ್ಡರನ್ನು ಕರೆಸಿ, ಪೀಳಿಗೆಗಳಿಂದ ಬಾವಿ ತೋಡಿದವರು ಅವರು. ಅಡಿಪಾಯಕ್ಕೆ ಹತ್ತಿರ ಮಾತ್ರ ಬೇಡ.

ಸೊಳ್ಳೆ ಬರಲ್ವಾ ಅಂತ ಕೇಳೇ ಕೇಳುತ್ತೀರಿ. ಬಾಯಿ ತೆರೆದಿಟ್ಟರೆ ಬಂದೇ ಬರುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ನಿಂತ ತಿಳಿನೀರೇ ಇಷ್ಟ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಮುಚ್ಚಳ ಬಿಗಿಯಾಗಿರಲಿ. ಉಕ್ಕುವ ಪೈಪಿನ ಬಾಯಿಗೂ ಸೊಳ್ಳೆ ಪರದೆ ಕಟ್ಟಿ. ಬಹಳ ಮಂದಿ ಮುಚ್ಚಳಕ್ಕೆ ಕಟ್ಟಿ ಇದನ್ನು ಬಿಟ್ಟಿರುತ್ತಾರೆ.

ಗಿಡಗಳಿಗೆ ಮಳೆನೀರು ಒಗ್ಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಬೋರ್‌ವೆಲ್ ನೀರು ಹಾಕಿದ ಮಣ್ಣಿನ ಕುಂಡದ ಹೊರಮೈಯಲ್ಲಿ ಬಿಳಿ ಉಪ್ಪು ಕಟ್ಟಿರುವುದನ್ನು ನೋಡಿರುತ್ತೀರಿ. ಮಳೆನೀರಿನಲ್ಲಿ ಆ ಗಡಸು ಇಲ್ಲ. ಆದರೆ ಅದರಲ್ಲಿ ಗಿಡಕ್ಕೆ ಬೇಕಾದ ಸಾರವೂ ಅಷ್ಟಾಗಿ ಇಲ್ಲ, ಗೊಬ್ಬರ ಹಾಕುವುದು ಬಿಡಬೇಡಿ. ಕೊತ್ತಂಬರಿ, ಪುದೀನದಂಥ ಹಸಿಯಾಗಿ ತಿನ್ನುವ ಸೊಪ್ಪಿಗೆ ಎಲೆ ಮೇಲೆ ಸುರಿಯದೆ ಬುಡಕ್ಕೆ ಹಾಕಿ. ಕುಡಿಯೋಕೆ ಈ ಡ್ರಮ್ ನೀರು ಬೇಡ.

ಮಳೆಯಿಲ್ಲದ ಆ ನಾಲ್ಕೂವರೆ ತಿಂಗಳಿಗೇನು ಮಾಡೋದು? ಮನೆಗೆ ಸಂಪು ಇದ್ದರೆ ಅದೇ ನಿಮ್ಮ ದೊಡ್ಡ ಟ್ಯಾಂಕ್. ಫಿಲ್ಟರ್ ಹಾಕಿಸಿ ಮಳೆನೀರನ್ನು ಅದಕ್ಕೆ ಬಿಟ್ಟು ಮನೆಬಳಕೆಗೆ ಉಪಯೋಗಿಸಿ. ಗಿಡಗಳಿಗೆ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಹಾಕಿ. ಕುಂಡದ ಮಣ್ಣಿನ ಮೇಲೆ ಒಣ ಎಲೆಯೋ ತೆಂಗಿನ ನಾರೋ ಹೊದಿಸಿದರೆ ತೇವ ಬೇಗ ಆರುವುದಿಲ್ಲ. 2024ರ ಮಾರ್ಚಿನಲ್ಲಿ ನೀರಿಗೆ ಬರ ಬಂದಾಗ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಹೇಳಿತ್ತು. ಅಂಥ ವರ್ಷಕ್ಕೆ ಈ ಅಭ್ಯಾಸವೇ ಕೈಹಿಡಿಯುವುದು.

ಬೇರೆ ಊರಿನವರು ಈ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬೇಡಿ. ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಗಿಡಕ್ಕೆ ನೀರು ಹಾಕುವ ಪ್ರಶ್ನೆಯೇ ಇಲ್ಲ, ಆಮೇಲೆ ತಿಂಗಳುಗಟ್ಟಲೆ ಮಳೆ ಇಲ್ಲ. ಅಲ್ಲಿ ಡ್ರಮ್ ಇಟ್ಟು ಪ್ರಯೋಜನ ಕಮ್ಮಿ. ಮನೆ ಬಾವಿಗೆ ಸೋಸಿ ಬಿಡುವುದೇ ಸರಿ. ವಿಜಯಪುರ, ಬಳ್ಳಾರಿ ಕಡೆ ಮಳೆ ಕಮ್ಮಿ, ನಡುವಿನ ಬಿಡುವು ಉದ್ದ. ಅಲ್ಲಿ ಜಾಗವಿದ್ದರೆ ಆ 5,000 ಲೀಟರಿನ ಟ್ಯಾಂಕೇ ಕೊಳ್ಳಿ ಅಂತ ನಾನೂ ಹೇಳುತ್ತೇನೆ.

ಪೈಪು, ಫಿಲ್ಟರ್ ಕಣ್ಣಾರೆ ನೋಡಬೇಕೆಂದರೆ ಜಯನಗರ ಐದನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ. ಪ್ಲಂಬರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಟೀ ಎಲ್ಲಿ ಬರಬೇಕು ಅಂತ ಬಾಯಲ್ಲಿ ಹೇಳುವುದಕ್ಕಿಂತ ಅದು ಸುಲಭ.