ತೊರಕೆ ಮೀನು, ರಂಗೋಲಿ ಹುಳು: ಒಂದೇ ಹೆಸರಿನ ಎರಡು ರಂಧ್ರ

‘ಸ್ಪೈರಕಲ್ ಎಂದರೇನು?’ ಎಂದು ಕೇಳಿದರೆ ನಾವು ‘ಕೀಟದ ಉಸಿರಾಟದ ರಂಧ್ರ’ ಎಂದು ಬರೆದು ಮುಗಿಸುತ್ತೇವೆ. ಮೀನಿನ ಪಾಠದಲ್ಲಿ ಅದೇ ಪದ ಮತ್ತೆ ಎದುರಾದಾಗ ತಲೆ ಕೆಡುತ್ತದೆ. ನನಗೂ ಕೆಟ್ಟಿತ್ತು. ಎರಡು ಜೀವಿಗಳನ್ನು ಪಕ್ಕಪಕ್ಕ ಇಟ್ಟುಕೊಂಡ ಮೇಲೆ ಬಗೆಹರಿಯಿತು.

ಮೊದಲನೆಯದು ರಂಗೋಲಿ ಹುಳು, ಅಂದರೆ ನಿಂಬೆ, ಕಿತ್ತಳೆ ಗಿಡದ ಎಲೆ ಕೊರೆಯುವ ಪತಂಗ, ಫಿಲೊಕ್ನಿಸ್ಟಿಸ್ ಸಿಟ್ರೆಲ್ಲ. 1856ರಲ್ಲಿ ಇಂಗ್ಲಿಷ್ ಕೀಟವಿಜ್ಞಾನಿ ಸ್ಟೇನ್ಟನ್ ಇದನ್ನು ವಿವರಿಸಿದ್ದು ಕಲ್ಕತ್ತೆಯ ಮಾದರಿಗಳಿಂದ. ನಿಂಬೆಯ ಎಳೆ ಚಿಗುರನ್ನು ಬೆಳಕಿಗೆ ಹಿಡಿದು ನೋಡಿ: ಬೆಳ್ಳಿಯ ಬಣ್ಣದ ಅಂಕುಡೊಂಕು ದಾರಿ, ಅದರ ನಡುವೆ ಕಪ್ಪು ದಾರದಂಥ ಹಿಕ್ಕೆಯ ಗೆರೆ. ಕಾಲಿಲ್ಲದ ಚಪ್ಪಟೆ ಮರಿಹುಳು ಎಲೆಯ ಹೊರಪದರದ ಕೋಶಗಳ ರಸ ಹೀರುತ್ತ ಸಾಗಿದ ಗುರುತು ಅದು. ಕೊನೆಗೆ ಎಲೆಯಂಚನ್ನು ಮಡಚಿ, ಒಳಗೆ ಕೋಶಾವಸ್ಥೆಗೆ (ಪ್ಯೂಪಾ) ಇಳಿಯುತ್ತದೆ. ಹೊರಬರುವ ಪತಂಗ ರೆಕ್ಕೆ ಹರಡಿದರೂ ಅರ್ಧ ಸೆಂಟಿಮೀಟರ್ ದಾಟುವುದು ಕಷ್ಟ.

ಈ ಪತಂಗದ ಸ್ಪೈರಕಲ್‌ಗಳು ಮೈಯ ಎರಡೂ ಬದಿಯಲ್ಲಿ ಸಾಲಾಗಿವೆ. ಒಳಹೊಕ್ಕ ಗಾಳಿ ಶ್ವಾಸನಾಳಗಳ ಮೂಲಕ ನೇರವಾಗಿ ಅಂಗಾಂಶಕ್ಕೆ. ಆಮ್ಲಜನಕ ಹೊರುವ ಕೆಲಸ ರಕ್ತಕ್ಕಿಲ್ಲ.

ಇನ್ನು ತೊರಕೆ, ಅಂದರೆ ಚಪ್ಪಟೆ ಮೈಯ ರೇ ಮೀನು. ಮೀನು ಮಾರುಕಟ್ಟೆಯಲ್ಲಿ ಸಿಕ್ಕರೆ ಮಗುಚಿ ನೋಡಿ. ಕೆಳಗಡೆ ನಗುತ್ತಿರುವಂಥ ಮುಖ ಕಾಣುತ್ತದೆ. ಕಣ್ಣು ಅಂದುಕೊಂಡದ್ದು ಮೂಗಿನ ಹೊಳ್ಳೆ. ಬಾಯಿ, 5 ಜೊತೆ ಕಿವಿರು ಸೀಳುಗಳು ಎಲ್ಲವೂ ಈ ಕಡೆಗೇ. ಮರಳಲ್ಲಿ ಹೂತು ಮಲಗುವ ಮೀನು ಬಾಯಿಂದ ನೀರೆಳೆದರೆ ಮರಳೂ ಒಳಗೆ ಹೋದೀತು. ಅದಕ್ಕೇ ಮೇಲ್ಭಾಗದಲ್ಲಿ, ಕಣ್ಣಿನ ಹಿಂದೆ ಒಂದೊಂದು ದೊಡ್ಡ ರಂಧ್ರ. ಅಲ್ಲಿಂದ ನೀರು ಒಳಗೆ, ಕೆಳಗಿನ ಸೀಳುಗಳಿಂದ ಹೊರಗೆ. ಇದೂ ಸ್ಪೈರಕಲ್, ಆದರೆ ಮೂಲದಲ್ಲಿ ರೂಪ ಬದಲಿಸಿದ ಕಿವಿರು ಸೀಳು. ಸದಾ ಈಜುವ ಮಾಂಟಾ ತೊರಕೆಯಲ್ಲಿ ಇದು ಸಣ್ಣದು. ಅದಕ್ಕೆ ಇದರ ಅಗತ್ಯವೂ ಅಷ್ಟಿಲ್ಲ.

ರೆಕ್ಕೆಯ ಕಥೆಯೂ ಇಷ್ಟೇ: ತೊರಕೆಯದು ಅಗಲವಾಗಿ ತಲೆಗೆ ಕೂಡಿಕೊಂಡ ಎದೆಯ ಈಜುರೆಕ್ಕೆ, ಒಳಗೆ ಮೃದ್ವಸ್ಥಿ, ಪತಂಗದ್ದು ಹೊರಕವಚದಿಂದ ಚಾಚಿದ ತೆಳುಪೊರೆ, ಮೇಲೆ ಹುರುಪೆ. ಹೋಲಿಕೆ ಕೆಲಸದ್ದು, ವಂಶದ್ದಲ್ಲ.

ಚಿತ್ರ ಬಿಡಿಸುವಾಗ ಒಂದು ಎಚ್ಚರ. ತೊರಕೆಯ ಸ್ಪೈರಕಲ್ ಮೇಲ್ನೋಟದ ಚಿತ್ರದಲ್ಲಿ, ಕಿವಿರು ಸೀಳು ಕೆಳನೋಟದ್ದರಲ್ಲಿ. ನಾನು ಎರಡನ್ನೂ ಒಂದೇ ಚಿತ್ರಕ್ಕೆ ತುರುಕಿ ಅಂಕ ಕಳೆದುಕೊಂಡಿದ್ದೇನೆ.