ಚಿಮಣಿಯ ತುದಿಯಲ್ಲಿ ಉರಿಯುವ ಸೌದೆ

ಶಿರಸಿ, ಸಿದ್ದಾಪುರ, ಸಾಗರದ ಕಡೆ ಆಲೆಮನೆಗಳು ಶುರುವಾದವೆಂದರೆ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ದೂರಿನವು: ಸೌದೆ ಎಷ್ಟು ತುಂಬಿದರೂ ಕೊಪ್ಪರಿಗೆ ಕುದಿ ಹಿಡಿಯುವುದಿಲ್ಲ, ಒಲೆ ದೊಡ್ಡದು ಮಾಡಿಕೊಡಿ. ಒಲೆ ಕಟ್ಟಿಸುವ ಕೆಲಸದಲ್ಲೇ ತಲೆ ನರೆತಿರುವ ನಾನು ಇಂಥ ಕಡೆ ಒಲೆ ದೊಡ್ಡದು ಮಾಡಿದ್ದು ತೀರಾ ಕಡಿಮೆ. ಒಲೆಬಾಯಿಯನ್ನು ಮುಚ್ಚಿಸಿದ್ದೇ ಹೆಚ್ಚು.

100 ಲೀಟರ್ ಕಬ್ಬಿನಹಾಲಿನ ಬ್ರಿಕ್ಸ್ (ನೂರು ಪಾಲು ತೂಕದಲ್ಲಿ ಕರಗಿದ ಸಕ್ಕರೆಯ ಪಾಲು) 18 ಎಂದಿಟ್ಟುಕೊಂಡರೆ, ಅದನ್ನು 70 ಬ್ರಿಕ್ಸ್‌ನ ಜೋನಿಬೆಲ್ಲಕ್ಕೆ, ಅಂದರೆ ನೀರುಬೆಲ್ಲಕ್ಕೆ, ಇಳಿಸುವಷ್ಟರಲ್ಲಿ ಸುಮಾರು 80 ಕಿಲೋ ನೀರು ಆವಿಯಾಗಿ ಹೋಗಬೇಕು. ಒಣ ಸೌದೆಯ ಶಾಖವೆಲ್ಲ ಕೊಪ್ಪರಿಗೆಗೇ ಸೇರುವುದಾಗಿದ್ದರೆ ಇದಕ್ಕೆ 13–14 ಕಿಲೋ ಸಾಕಿತ್ತು. ನಾನು ತೂಗಿ ನೋಡಿದ ಒಲೆಗಳಲ್ಲಿ 50 ಕಿಲೋಗಿಂತ ಕಡಿಮೆ ಸುಟ್ಟದ್ದು ಅಪರೂಪ. ಅಮೆರಿಕದ ವರ್ಮಾಂಟ್‌ನಲ್ಲಿ ಹಿತ್ತಲಲ್ಲೇ ಮೇಪಲ್ ರಸ ಕಾಯಿಸುವವರ ಪಾಡು ಇನ್ನೂ ಕಷ್ಟದ್ದು. ಆ ರಸದಲ್ಲಿ ಸಕ್ಕರೆ ಶೇ 2ರ ಆಸುಪಾಸಿನಲ್ಲಿರುವುದರಿಂದ ಒಂದು ಲೀಟರ್ ಪಾಕಕ್ಕೆ 40 ಲೀಟರಿಗೂ ಹೆಚ್ಚು ರಸ ಬೇಕಾಗುತ್ತದೆ. ಅದಕ್ಕೇ ಅವರು ಒಲೆಯ ಗಾಳಿಯ ವಿಷಯದಲ್ಲಿ ಜಿಪುಣರು. ನಮ್ಮವರು ಈ ಒಂದು ವಿಷಯದಲ್ಲಿ ಮಾತ್ರ ಮಹಾ ಉದಾರಿಗಳು.

ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತೆಂದರೆ, ಒಲೆಗೆ ಗಾಳಿ ಬೇಕು, ಆದರೆ ಅದು ಕೆಳಗಿನಿಂದ ಬರಬೇಕು. ಒಂದು ಕಿಲೋ ಒಣ ಸೌದೆ ಪೂರ್ತಿ ಉರಿಯುವುದಕ್ಕೆ ಸುಮಾರು ಆರು ಕಿಲೋ ಗಾಳಿ ಬೇಕು. ಸೌದೆ ಉರಿಯುವ ಸರಳುಗಳ ಕೆಳಗಿನ ಬೂದಿಗುಂಡಿ ತುಂಬಿಹೋಗಿದ್ದರೆ ಆ ಗಾಳಿಗೆ ಅಲ್ಲಿ ದಾರಿಯಿರುವುದಿಲ್ಲ. ಚಿಮಣಿಯ ಸೆಳೆತ ಮಾತ್ರ ನಿಲ್ಲದ ಕಾರಣ, ತೆರೆದ ಒಲೆಬಾಯಿಯಿಂದ ತಣ್ಣನೆಯ ಗಾಳಿ ನುಗ್ಗಿ, ಕೆಂಡವನ್ನು ಮುಟ್ಟದೆ, ಕೊಪ್ಪರಿಗೆಯ ತಳವನ್ನು ಸವರಿಕೊಂಡು, ಕಾದು ಹೊರಗೆ ಹೋಗುತ್ತದೆ. ಹೊರಹೋಗುವ ಹೊಗೆ 300 ಡಿಗ್ರಿ ಇದ್ದಾಗ, ಬೇಕಾದ್ದರ ಎರಡು ಪಟ್ಟು ಗಾಳಿ ಹೊಕ್ಕರೆ ಸೌದೆಯ ಕಾಲುಭಾಗದಷ್ಟು ಶಾಖ ಚಿಮಣಿ ಪಾಲಾಗುತ್ತದೆ, ನಾಲ್ಕು ಪಟ್ಟು ಹೊಕ್ಕರೆ ಹತ್ತಿರಹತ್ತಿರ ಅರ್ಧ. ಇದು ಸ್ಥೂಲ ಲೆಕ್ಕ, ಒಲೆಯಿಂದ ಒಲೆಗೆ ಹೆಚ್ಚುಕಡಿಮೆಯಾದೀತು. ಆದರೆ ಉರಿ ಹಾಕುವವರು ಈ ತಣ್ಣನೆಯ ಗಾಳಿಗೆ ಉತ್ತರವಾಗಿ ಇನ್ನೂ ನಾಲ್ಕು ಸೌದೆಕುಂಟೆ ತುರುಕುತ್ತಾರೆ, ಅದರ ಅನಿಲ ಒಲೆಯಲ್ಲಿ ಪೂರ್ತಿ ಉರಿಯಲಾರದೆ ಚಿಮಣಿಯಲ್ಲಿ ಹೊತ್ತಿಕೊಳ್ಳುತ್ತದೆ, ಅದನ್ನು ಕಂಡು ಎಲ್ಲರಿಗೂ ಸಂತೋಷವಾಗುತ್ತದೆ.

ಸಿದ್ದಾಪುರದ ಕಡೆಯ ಹಳ್ಳಿಯೊಂದರಲ್ಲಿ ಒಬ್ಬ ಹಿರಿಯರು, ರಾತ್ರಿ ತಮ್ಮ ಆಲೆಮನೆಯ ಚಿಮಣಿಯ ಮೇಲೆ ಮಾರುದ್ದದ ಜ್ವಾಲೆ ಏಳುವುದನ್ನು ಕಂಡೇ ದಾರಿಹೋಕರು ಕಬ್ಬಿನಹಾಲು ಕುಡಿಯಲು ಬರುತ್ತಾರೆಂದು ಹೆಮ್ಮೆಯಿಂದ ಹೇಳಿದರು. ನಾನು ಒಂದು ಊದುಬತ್ತಿ ಹಚ್ಚಿ ಒಲೆಬಾಯಿಯ ಹತ್ತಿರ ಹಿಡಿದೆ. ಹೊಗೆಯ ಎಳೆ ಮೇಲೇಳದೆ, ದಾರ ಜಗ್ಗಿದ ಹಾಗೆ ಅಡ್ಡಡ್ಡ ಒಳಗೆ ಹೋಯಿತು. ಬೂದಿಯನ್ನು ಎಳೆಸಿ, ಅಡಿಕೆ ಒಣಗಿಸುವಲ್ಲಿ ಬಿದ್ದಿದ್ದ ಹಳೆಯ ತಗಡೊಂದನ್ನು ಒಲೆಬಾಯಿಗೆ ಅಡ್ಡ ಕೊಟ್ಟಾಗ ಚಿಮಣಿಯ ಜ್ವಾಲೆ ಇಳಿಯಿತು. "ಉರಿ ಕೊಂದೆಯಲ್ಲೋ ಮಾರಾಯ" ಎಂದು ಅವರು ರೇಗಿದರು. ಅವರ ಎಲೆಅಡಿಕೆಯ ಕವಳ ಮುಗಿಯುವುದರೊಳಗೆ ಕೊಪ್ಪರಿಗೆಯ ಅಂಚಿನಲ್ಲಷ್ಟೇ ಇದ್ದ ನೊರೆ ನಡುವಿಗೂ ಬಂದು, ಉಕ್ಕುತ್ತದೆಂದು ಎಣ್ಣೆಯ ಹನಿ ಬಿಡುವಂತಾಯಿತು. ಬೆಳಗಿನ ಜಾವಕ್ಕೆ ಮುಗಿಯುತ್ತಿದ್ದ ಪಾಕ ನಡುರಾತ್ರಿಗೇ ಇಳಿಯಿತು. ಅವರ ತಕರಾರು ಈಗ ಬೇರೆಯದು, ದಾರಿಹೋಕರು ಕಡಿಮೆಯಾದರಂತೆ.

ಹಾಗೆಂದು ಸಿಕ್ಕಸಿಕ್ಕಲ್ಲಿ ತಗಡು ಮುಚ್ಚಬಾರದು. ಬೂದಿಗುಂಡಿಯ ದಾರಿ ತೆರೆದಿರುವುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಚಿಮಣಿಯ ಸೆಳೆತ ತಗ್ಗಿಸುವ ಬಿರಡೆಯನ್ನು ಪೂರ್ತಿ ಮುಚ್ಚಿದರೆ ವಿಷದ ಹೊಗೆ ಚಪ್ಪರದೊಳಕ್ಕೆ ತಿರುಗಬಹುದು, ಒಲೆಯ ಮುಂದೆ ಕುಳಿತವರು ತೂಕಡಿಸುವುದು ನಿದ್ದೆಗೆಟ್ಟದ್ದರಿಂದಲೇ ಎಂದು ತಿಳಿಯುವಂತಿಲ್ಲ. ಪಾಕ ಹದಕ್ಕೆ ಬರುವಾಗ ತಳ ಸೀಯುವ ಭಯವೂ ಇದೆ, ಆಗ ಉರಿ ತಗ್ಗಿಸಲೇಬೇಕು. ಜೋನಿಗೆ 105–106 ಡಿಗ್ರಿಯ ಹತ್ತಿರ ಇಳಿಸುವುದು ರೂಢಿ, ಆದರೆ ನನ್ನ ಥರ್ಮಾಮೀಟರಿಗಿಂತ ಹದ ನೋಡುವವರ ಕೈಯನ್ನೇ ನಾನು ಹೆಚ್ಚು ನಂಬುತ್ತೇನೆ.

ಹಸಿ ಸಿಪ್ಪೆ ಉರಿಸುವವರಿಗೆ ಹೇಳುವುದು ಇಷ್ಟೇ: ಗಾಣದಿಂದ ಬಂದ ಸಿಪ್ಪೆಯಲ್ಲಿ ಅರ್ಧದಷ್ಟು ನೀರು, ಅದನ್ನು ಒಲೆಗೆ ಹಾಕುವುದೆಂದರೆ ಕೊಪ್ಪರಿಗೆಯ ಜೊತೆಗೆ ಒಲೆಯೊಳಗೂ ಇನ್ನೊಂದು ಕೊಪ್ಪರಿಗೆ ಕಾಯಿಸಿದಂತೆ. ಎರಡು ಮೂರು ದಿನ ಬಿಸಿಲಿಗೆ ಹರಡಿರಿ. ತಳದ ಮಸಿಯನ್ನು ಪ್ರತಿ ಕೊಪ್ಪರಿಗೆ ಇಳಿಸಿದ ಮೇಲೂ ಕೆರೆಯಿರಿ. ಅನುಕೂಲವಿದ್ದವರು ಚಿಮಣಿಯ ಬುಡದಲ್ಲಿ ಸಣ್ಣ ಪಾತ್ರೆಯೊಂದನ್ನು ಕೂರಿಸಿ ಮುಂದಿನ ಕಬ್ಬಿನಹಾಲನ್ನು ಬೆಚ್ಚಗೆ ಮಾಡಿಕೊಳ್ಳಬಹುದು, ಆದರೆ ಬೆಚ್ಚಗಿನ ಹಾಲು ಬೇಗ ಹುಳಿಯಾಗುವುದರಿಂದ ಅದನ್ನು ಗಂಟೆಗಟ್ಟಲೆ ಹಾಗೇ ಬಿಡುವಂತಿಲ್ಲ.

ಇಷ್ಟಾದ ಮೇಲೂ ಕೊಪ್ಪರಿಗೆ ಕುದಿಯದಿದ್ದರೆ ಕರೆ ಮಾಡಿರಿ, ಬರುತ್ತೇನೆ. ಕರೆ ಮಾಡುವ ಮೊದಲು ಒಂದು ಊದುಬತ್ತಿ ಹಚ್ಚಿ ನೋಡಿರಿ.